ಗೋವಿನಜೋಳದ ರಾಶಿ, ಪೆನ್ಸಿಲ್ವೇನಿಯಾದ ಎಣಿಕೆ

2024ರ ನವೆಂಬರ್ 6, ಬುಧವಾರ. ಬೆಳಗಿನ ಜಾವ ಐದೂವರೆ. ಹಾವೇರಿ ಜಿಲ್ಲೆಯ ಕದರಮಂಡಲಗಿಯ ಹೊರಗೆ ಡಾಂಬರು ರಸ್ತೆಯ ಅರ್ಧ ಗೋವಿನಜೋಳದ್ದು, ಇನ್ನರ್ಧ ಬಸ್ಸಿನದು. ರಾಶಿ ಕಾಯಲು ಬಂದವರ ಜೊತೆ ನೀವೂ ಕಂಬಳಿ ಹೊದ್ದು ತಾಡಪತ್ರಿಯ ಅಂಚಿಗೆ ಕೂತಿದ್ದೀರಿ. ಲಾರಿಯವರಿಗೆ ಕತ್ತಲಲ್ಲಿ ಕಾಣಲೆಂದು ಸುತ್ತ ಸುಣ್ಣ ಬಳಿದ ಕಲ್ಲು ಇಟ್ಟಿದ್ದಾರೆ. ಇಬ್ಬನಿಗೆ ತಾಡಪತ್ರಿ ಒದ್ದೆಯಾಗಿದೆ. ಅದರಡಿ ಕೈ ತೂರಿಸಿದರೆ ಮೇಲಿನ ಕಾಳು ತಣ್ಣಗೆ, ಒಳಗಿನದು ಬೆಚ್ಚಗೆ. ಬೆಚ್ಚಗಿರುವುದು ಒಳ್ಳೆಯದಲ್ಲ. ಹಸಿ ಇನ್ನೂ ಹೋಗಿಲ್ಲ, ಹೀಗೇ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಪಕ್ಕದಲ್ಲಿ ಒಂದು ಮೊಬೈಲು ಬೆಳಗುತ್ತಿದೆ. ರಾಶಿಯ ಯಜಮಾನನ ತಮ್ಮನ ಮಗ ದೀಪಾವಳಿಗೆಂದು ಬೆಂಗಳೂರಿನಿಂದ ಬಂದವನು, ಕಾಳು ಒಣಗಿಸಿಕೊಟ್ಟು ಹೋಗು ಎಂದು ದೊಡ್ಡಪ್ಪ ತಡೆದುಕೊಂಡಿದ್ದಾನೆ. ಅವನ ಕಂಪನಿಗೆ ಕೆಲಸ ಕೊಡುವವರೆಲ್ಲ ಅಮೆರಿಕದವರು. ಅಲ್ಲಿ ಇನ್ನೂ ಮಂಗಳವಾರ ಸಂಜೆ ಏಳು ಗಂಟೆ. ಜಾರ್ಜಿಯಾ ರಾಜ್ಯದ ಮತಗಟ್ಟೆಗಳು ಬಾಗಿಲು ಹಾಕುವ ಹೊತ್ತು.

"ಯಾರ ಮುಂದ ಅದಾರಲೇ?" ಎಂದು ಕಂಬಳಿಯೊಳಗಿಂದಲೇ ದೊಡ್ಡಪ್ಪ ಕೇಳುತ್ತಾನೆ.

"ಈಗ ಶುರು ಆಗೇತಿ ದೊಡ್ಡಪ್ಪ. ಆಯೋಗ ಅಂತ ಒಂದ ಇಲ್ಲ ಅಲ್ಲೆ. ಒಂದೊಂದು ರಾಜ್ಯದಾಗ ಒಂದೊಂದು ನಮೂನಿ ಎಣಸ್ತಾರ. ಗೆದ್ದಾರ ಅಂತ ಮೊದಲ ಹೇಳಾವ್ರು ಪೇಪರ್ನವ್ರು."

"ಪೇಪರ್ನವ್ರು ಹೇಳಿದ್ರ ಆಗಿಬಿಡ್ತತೇನು!" ಎಂದು ದೊಡ್ಡಪ್ಪ ನಗುತ್ತಾನೆ.

ಹುಡುಗ ಹೇಳಿದ್ದು ನಿಜ. ನಮ್ಮ ಚುನಾವಣಾ ಆಯೋಗದ ಹಾಗೆ ಇಡೀ ದೇಶದ ಮತ ಎಣಿಸಿ ಫಲಿತಾಂಶ ಘೋಷಿಸುವ ಸಂಸ್ಥೆ ಅಮೆರಿಕದಲ್ಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ 1848ರಿಂದಲೂ ಲೆಕ್ಕ ಹಾಕಿ ಗೆದ್ದವರ ಹೆಸರು ಹೇಳುತ್ತ ಬಂದಿದೆ, ಜನ ಅದನ್ನು ನಂಬುತ್ತ ಬಂದಿದ್ದಾರೆ. ಆ ನಂಬಿಕೆ 2020ರಲ್ಲಿ ಮುರಿಯಿತು. ಸೋತ ಡೊನಾಲ್ಡ್ ಟ್ರಂಪ್ ಸೋಲು ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. ಈ ಸಲ ಎರಡೂ ಪಕ್ಷದವರು ಇದೇ ಕೊನೆಯ ಅವಕಾಶ ಎಂದು ಕೂಗಿ ಮತ ಕೇಳಿದ್ದಾರೆ. ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಪ್ರಜಾಪ್ರಭುತ್ವವೂ, 2022ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿದ ಗರ್ಭಪಾತದ ಹಕ್ಕೂ ಪಣಕ್ಕಿವೆ ಎಂದರೆ, ರಿಪಬ್ಲಿಕನ್ ಪಕ್ಷದ ಟ್ರಂಪ್ ದೇಶದ ಗಡಿಯೂ ದಿನಸಿಯ ಬೆಲೆಯೂ ಕೈ ಮೀರಿವೆ ಎನ್ನುತ್ತ ಬಂದರು.

ಬೆಳಕು ಹರಿಯುತ್ತದೆ. ತಾಡಪತ್ರಿ ತೆಗೆದು ಹರವುವ ಕೆಲಸ ಶುರು. ಕಾಲಿನಿಂದ ಸಾಲು ಎಳೆದು ಕಾಳು ಮೇಲೆ ಕೆಳಗೆ ಮಾಡುತ್ತ ಒಬ್ಬ ಹೆಣ್ಣುಮಗಳು ರಸ್ತೆಯುದ್ದಕ್ಕೂ ನಡೆಯುತ್ತಾಳೆ. ಬಿಸಿಲು ಏರುವ ತನಕ ಗಂಡಸರಿಗೆ ಚಹಾದಂಗಡಿಯೇ ಗತಿ.

ಅಂಗಡಿಯಲ್ಲಿ ಬಾಣಲೆಗೆ ಮಿರ್ಚಿ ಬಿದ್ದಿದೆ. ಮಂಡಕ್ಕಿಯ ಚೀಲ ಬಿಚ್ಚಿದೆ. ಗೋಡೆಯ ಟಿ.ವಿ.ಯಲ್ಲಿ ಅಮೆರಿಕದ ನಕಾಶೆ ಕೆಂಪಾಗುತ್ತಿದೆ, ಅದರಡಿಯ ಪಟ್ಟಿಯಲ್ಲಿ ಶಿಗ್ಗಾವಿಯ ಸುದ್ದಿ ಓಡುತ್ತಿದೆ. ಇಲ್ಲಿಂದ ಹೆದ್ದಾರಿ ಹಿಡಿದು ಹಾವೇರಿ ದಾಟಿದರೆ ಶಿಗ್ಗಾವಿ. ಅಲ್ಲಿ ಉಪಚುನಾವಣೆ, ಮತದಾನ ಇದೇ 13ಕ್ಕೆ. ಬಿಜೆಪಿಯಿಂದ ಭರತ್ ಬೊಮ್ಮಾಯಿ, ಕಾಂಗ್ರೆಸ್ಸಿನಿಂದ ಯಾಸೀರ್ ಅಹಮದ್ ಖಾನ್ ಪಠಾಣ. ಗ್ಯಾರಂಟಿ, ವಕ್ಫ್ ನೋಟಿಸು, ಮೀಸಲಾತಿ ಎಂದು ಎರಡೂ ಕಡೆಯ ಮಂತ್ರಿ ಮಾಜಿ ಮಂತ್ರಿಗಳು ಆ ತಾಲ್ಲೂಕಿನಲ್ಲೇ ಬೀಡುಬಿಟ್ಟಿದ್ದಾರೆ.

ಬೆಂಚಿನ ಈ ತುದಿಗೆ ಕೂತವನು ಕಮಲದವನು, ಆ ತುದಿಯವನು ಕೈಯವನು. ಇಬ್ಬರೂ ಒಂದೇ ಓಣಿಯವರು.

"ಟ್ರಂಪ್ ಬರ್ತಾನ ನೋಡ್ರೀ. ನಮ್ಮ ಮೋದಿ ದೋಸ್ತ ಅಂವ."

"ಬಂದು ನಿನಗ ಏನ್ ಕೊಡ್ತಾನಪಾ? ಎರಡು ಸಾವಿರ ಕೊಡ್ತಾನೇನು ನಮ್ಮ ಸಿದ್ದರಾಮಯ್ಯನಂಗ?"

"ಆಕಿ ಕಮಲಾ ಬಂದ್ರ ನಿನಗ ಕೊಡ್ತಾಳೇನು?"

"ಹೆಸರಾಗ ಕಮಲಾ ಐತಿ, ನೀನ ಕೇಳಬೇಕಲ್ಲ ಆಕಿನ್ನ!"

ಅಂಗಡಿಯೆಲ್ಲ ನಗುತ್ತದೆ. 2019ರ ಸೆಪ್ಟೆಂಬರಿನ ಹ್ಯೂಸ್ಟನ್ನಿನ 'ಹೌಡಿ ಮೋದಿ', 2020ರ ಫೆಬ್ರುವರಿಯ ಅಹಮದಾಬಾದಿನ 'ನಮಸ್ತೆ ಟ್ರಂಪ್' ಟಿ.ವಿ.ಯಲ್ಲಿ ಕಂಡವರಿಗೆ ಅಮೆರಿಕದ ಜಗಳದಲ್ಲೂ ತಮ್ಮ ಪಕ್ಷ ಹುಡುಕಿಕೊಳ್ಳುವುದು ಕಷ್ಟವಾಗಿಲ್ಲ. ಈ ಬೆಂಚಿನ ಒಬ್ಬರಿಗೂ ಅಮೆರಿಕದಲ್ಲಿ ಮತವಿಲ್ಲ. ಶಿಗ್ಗಾವಿಯಲ್ಲೂ ಇಲ್ಲ, ಇದು ಬ್ಯಾಡಗಿ ತಾಲ್ಲೂಕಿನ ಊರು. ಆದರೆ ಆ ಉಪಚುನಾವಣೆ ಹುಟ್ಟಿದ್ದರಲ್ಲಿ ಇವರದೂ ಪಾಲಿದೆ. ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಇವರೂ ಮತ ಹಾಕಿದರು, ಬಸವರಾಜ ಬೊಮ್ಮಾಯಿ ಸಂಸದರಾದರು, ಅವರು ಬಿಟ್ಟ ಶಿಗ್ಗಾವಿಯಲ್ಲಿ ಈಗ ಅವರ ಮಗನೇ ನಿಂತಿದ್ದಾರೆ. 1988ರಲ್ಲಿ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರಿಂದ ಲೆಕ್ಕ ಹಿಡಿದರೆ ಇದು ಮೂರನೆಯ ತಲೆಮಾರು.

ಒಂಬತ್ತೂ ಮುಕ್ಕಾಲು ದಾಟುವ ಹೊತ್ತಿಗೆ ನಾರ್ತ್ ಕೆರೊಲಿನಾ ಟ್ರಂಪ್ ಪಾಲಾಗುತ್ತದೆ. ಎತ್ತ ಬೇಕಾದರೂ ವಾಲಬಹುದಾದ ಏಳು ರಾಜ್ಯಗಳಲ್ಲಿ ಇದು ಮೊದಲನೆಯದು. ಉಳಿದ ನಲವತ್ತಮೂರು ರಾಜ್ಯಗಳು ಯಾರ ಕಡೆ ಎಂಬುದು ಹೆಚ್ಚುಕಡಿಮೆ ಮೊದಲೇ ಗೊತ್ತು.

"ಇಡೀ ದೇಶದ ಓಟು ಕೂಡಿಸಿ ಹೆಚ್ಚು ಬಿದ್ದಾವ್ರು ಗೆಲ್ಲಂಗಿಲ್ಲೇನು?" ಎಂದು ಅಂಗಡಿಯವನು ಚಹಾ ಸೋಸುತ್ತ ಕೇಳುತ್ತಾನೆ.

ಗೆಲ್ಲಲೇಬೇಕೆಂದಿಲ್ಲ. ಒಟ್ಟು 538 ಪ್ರತಿನಿಧಿ ಮತಗಳು, 270 ಬೇಕು. ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ, ಒಂದೇ ಮತ ಹೆಚ್ಚು ಪಡೆದರೂ ರಾಜ್ಯದ ಪಾಲೆಲ್ಲ ಗೆದ್ದವರಿಗೆ. 2000ದಲ್ಲಿ ಫ್ಲಾರಿಡಾದ 537 ಮತಗಳ ಅಂತರ ಅಧ್ಯಕ್ಷರು ಯಾರೆಂದು ತೀರ್ಮಾನಿಸಿತು. ನಮ್ಮಲ್ಲಿ 2004ರಲ್ಲಿ ಸಂತೇಮರಹಳ್ಳಿಯ ಅಭ್ಯರ್ಥಿ ಸೋತದ್ದು ಒಂದೇ ಒಂದು ಮತದಿಂದ.

ಒಂದು ಕ್ಷೇತ್ರದ ಮೇಲೆ ಸರ್ಕಾರ ಜೋತುಬೀಳುವುದೆಂದರೆ ಏನು ಎಂಬುದನ್ನು ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಪಕ್ಕದಲ್ಲೇ ರಾಣೆಬೆನ್ನೂರಿದೆ. 2018ರಲ್ಲಿ ಅಲ್ಲಿ ಗೆದ್ದ ಆರ್. ಶಂಕರ್ ಕಾಂಗ್ರೆಸ್ಸಿನವರೂ ಅಲ್ಲ, ಬಿಜೆಪಿಯವರೂ ಅಲ್ಲ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಮಂತ್ರಿಯಾದರು, ಸ್ಥಾನ ಹೋಯಿತು. 2019ರ ಜನವರಿಯಲ್ಲಿ ಬೆಂಬಲ ಹಿಂತೆಗೆದರು, ಜೂನ್‌ನಲ್ಲಿ ಮತ್ತೆ ಮಂತ್ರಿಯಾದರು, ಜುಲೈನಲ್ಲಿ ಮತ್ತೆ ಹೊರನಡೆದರು. ಜುಲೈ 23ರಂದು 99ಕ್ಕೆ 105 ಮತಗಳಿಂದ ಸರ್ಕಾರ ಬಿತ್ತು. ಎರಡು ದಿನ ಬಿಟ್ಟು ಅವರ ಶಾಸಕತ್ವವೂ ಹೋಯಿತು. ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಿದ್ದ ಸರ್ಕಾರದ ಜಾಗಕ್ಕೆ ಬಂದ ಯಡಿಯೂರಪ್ಪನವರ ಬಿಜೆಪಿ ಸರ್ಕಾರ ಉಳಿಯಲು ಕನಿಷ್ಠ ಆರಾದರೂ ಬೇಕಿತ್ತು, ಹನ್ನೆರಡು ಬಂದವು. ಆ ಹನ್ನೆರಡರಲ್ಲಿ ರಾಣೆಬೆನ್ನೂರೂ ಒಂದು, ಅರುಣಕುಮಾರ ಗುತ್ತೂರ ಗೆದ್ದರು.

"ಆಗ ದಿನಾ ಒಬ್ಬ ಮಂತ್ರಿ ಬರ್ತಿದ್ರು ರಾಣೆಬೆನ್ನೂರಿಗೆ. ಇಲೆಕ್ಷನ್ ಮುಗದ ಮ್ಯಾಲೆ ಒಬ್ಬಾಂವರ ಬಂದ್ರೇನು?" ಎಂದು ಮೂಲೆಯ ಹಿರಿಯರೊಬ್ಬರು ಕೇಳುತ್ತಾರೆ.

ಹನ್ನೊಂದಕ್ಕೆ ನೀವು ಕಾಂತೇಶನ ಗುಡಿಯ ಕಡೆ ನಡೆಯುತ್ತೀರಿ. ಶನಿವಾರವಾಗಿದ್ದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರೂ ಹನುಮಪ್ಪಗಳನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ಕಂಡರೆ ಕಾಶಿಗೆ ಹೋದ ಪುಣ್ಯ ಎಂಬ ನಂಬಿಕೆ. ಬೆಳಗಾವಿ, ಶಿವಮೊಗ್ಗದ ಕಡೆಯಿಂದ ಬಾಡಿಗೆ ಗಾಡಿಯಲ್ಲಿ ಬಂದವರು ಕೈಮುಗಿದ ಕೂಡಲೇ ಡ್ರೈವರಿಗೆ ಅವಸರ ಮಾಡುತ್ತಾರೆ. ಶಿಕಾರಿಪುರದ ಭ್ರಾಂತೇಶನೆಂದರೆ ಹುಚ್ಚರಾಯಸ್ವಾಮಿ, ಯಡಿಯೂರಪ್ಪನವರು ನಾಮಪತ್ರ ಹಾಕುವ ಮುನ್ನ ಪೂಜೆ ಮಾಡಿಸುತ್ತಿದ್ದ ದೇವರು. ಈ ಸೀಮೆಯಲ್ಲಿ ದೇವರಿಗೂ ಚುನಾವಣೆ ಹೊಸತಲ್ಲ.

ನಿನ್ನೆ ಇನ್ನೂ ಎರಡು ಊರಿನ ಗುಡಿಗಳಲ್ಲಿ ಗಂಟೆ ಬಾರಿಸಿತ್ತು. ಕಮಲಾ ಅವರ ತಾಯಿ ಶ್ಯಾಮಲಾ ಗೋಪಾಲನ್ ಅವರ ಪೂರ್ವಿಕರ ಊರು ತಮಿಳುನಾಡಿನ ತುಳಸೇಂದ್ರಪುರಂ, ಅಲ್ಲಿ ಅಭಿಷೇಕ ನಡೆಯಿತು. ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಜೆ.ಡಿ. ವ್ಯಾನ್ಸ್ ಅವರ ಹೆಂಡತಿ ಉಷಾ ಅವರ ಮೂಲ ಆಂಧ್ರದ ವಡ್ಲೂರು, ಅಲ್ಲಿಯವರು ಅವರ ಗೆಲುವಿಗೆ ಬೇಡಿಕೊಂಡರು. ಕನ್ನಡ ನಾಡಿನ ನಂಟೂ ಇಲ್ಲದಿಲ್ಲ: ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ ಇದೇ ಚುನಾವಣೆಯಲ್ಲಿ ಮಿಶಿಗನ್ ರಾಜ್ಯದಿಂದ ಮತ್ತೊಮ್ಮೆ ಅಮೆರಿಕದ ಸಂಸತ್ತಿಗೆ ಆರಿಸಿ ಬರುತ್ತಿದ್ದಾರೆ. ಕದರಮಂಡಲಗಿಗೆ ಅಂಥ ಮಗಳೂ ಇಲ್ಲ, ಅಳಿಯನೂ ಇಲ್ಲ. ಹಾಗಾಗಿ ಹನುಮಪ್ಪನ ಮುಂದೆ ಇವತ್ತು ಅಮೆರಿಕದ ಹೆಸರು ಎತ್ತಿದವರಿಲ್ಲ. ಮಳೆ ಒಂದು ವಾರ ತಡೆಯಲಿ ಎಂದು ಬೇಡಿಕೊಂಡವರು ಇದ್ದಾರೆ.

ಮುಂದಾಗುವುದನ್ನು ಕೇಳಲು ಈ ಕಡೆಯವರಿಗೆ ಬೇರೆ ಜಾಗವಿದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಗೆ ಕಾರಣಿಕ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ, "ಸದ್ದಲೇ" ಎಂದು ಕೂಗಿ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಅವನನ್ನು ಹಿಡಿಯುವ ಮೊದಲೇ ಅರ್ಥ ಹೇಳುವವರು ಹುಟ್ಟಿಕೊಳ್ಳುತ್ತಾರೆ. ಮಳೆ ಬೆಳೆ ಎನ್ನುವವರು ಕೆಲವರು, ವಿಧಾನಸೌಧ ಎನ್ನುವವರು ಹಲವರು. ಕಾಂಗ್ರೆಸ್ಸಿನವರಿಗೆ ಅದರಲ್ಲಿ ಕಾಂಗ್ರೆಸ್ಸು ಕೇಳಿಸುತ್ತದೆ, ಬಿಜೆಪಿಯವರಿಗೆ ಬಿಜೆಪಿ. ತಿಂಗಳುಗಟ್ಟಲೆ ಅಮೆರಿಕದ ಸಮೀಕ್ಷೆಗಳನ್ನು ಅಲ್ಲಿನ ಎರಡೂ ಪಕ್ಷದವರು ಓದಿಕೊಂಡದ್ದೂ ಹೀಗೆಯೇ. ಎರಡೂ ಕಡೆ ಸರಿಸುಮಾರು ಸಮ ಎಂದ ಅಂಕಿಗಳಲ್ಲಿ ಪ್ರತಿಯೊಬ್ಬರಿಗೂ ತಮ್ಮ ಗೆಲುವೇ ಕಂಡಿತು.

ಮಧ್ಯಾಹ್ನ ಹನ್ನೆರಡೂ ಐವತ್ತನಾಲ್ಕು. ನೆತ್ತಿಯ ಮೇಲೆ ಬಿಸಿಲು. ಕಾಳಿನಿಂದ ಏಳುವ ಸಣ್ಣ ಹೊಟ್ಟು ಬೆವರಿಗೆ ಅಂಟಿ ಕತ್ತಿನ ಸುತ್ತ ತುರಿಕೆ. ಹುಡುಗ ರಸ್ತೆಯ ಆಚೆಯಿಂದ ಕೂಗುತ್ತಾನೆ: "ಪೆನ್ಸಿಲ್ವೇನಿಯಾ ಹೋತು ದೊಡ್ಡಪ್ಪ! ಟ್ರಂಪ್!" ಹತ್ತೊಂಬತ್ತು ಪ್ರತಿನಿಧಿ ಮತಗಳ ರಾಜ್ಯ, ಅಂತರ ನೂರಕ್ಕೆ ಎರಡೂ ಇಲ್ಲ. ಸ್ವಲ್ಪ ಹೊತ್ತಿಗೆ ಅದೇ ಮೊಬೈಲಿನಲ್ಲಿ ಟ್ರಂಪ್ ಭಾಷಣಕ್ಕೆ ನಿಲ್ಲುತ್ತಾರೆ. ಅಲ್ಲಿ ನಡುರಾತ್ರಿ ದಾಟಿದೆ.

ದೊಡ್ಡಪ್ಪ ಭಾಷಣ ನೋಡುವುದಿಲ್ಲ. ಬೊಗಸೆಯಲ್ಲಿ ಕಾಳು ತುಂಬಿ ಮೂಗಿನ ಹತ್ತಿರ ಹಿಡಿಯುತ್ತಾನೆ, ಒಂದು ಕಾಳು ಹಲ್ಲಿಗೆ ಇಟ್ಟು ಕಚ್ಚುತ್ತಾನೆ. ಕಟ್ ಎಂದು ಮುರಿಯಬೇಕಾದದ್ದು ಮೆತ್ತಗೆ ಚಪ್ಪಟೆಯಾಗುತ್ತದೆ. ಖರೀದಿಯವನ ಕೈಯ ಯಂತ್ರ ಹಸಿ ನೂರಕ್ಕೆ ಹದಿನಾಲ್ಕರೊಳಗೆ ತೋರಿಸಬೇಕು. ಮೀರಿದರೆ ತೂಕದಲ್ಲಿ ಕಡಿತ. ಈ ವರ್ಷ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ. ಆ ಬೆಲೆ ಕಾಗದದಲ್ಲಿ ಗಟ್ಟಿ, ಅಂಗಳದಲ್ಲಿ ಮಾತ್ರ ಯಂತ್ರ ಹೇಳಿದ್ದೇ ಮಾತು.

"ಇನ್ನ ಎರಡು ಬಿಸಲು ಬೇಕ್ರಿ ಸರ," ಎಂದು ನಿಮ್ಮ ಕೈಗೂ ಒಂದು ಹಿಡಿ ಸುರಿಯುತ್ತಾನೆ. "ಮೋಡ ಆದ್ರ ಸಿಕ್ಕಿದ್ದಕ್ಕ ಕೊಟ್ಟುಬಿಡೂದು. ಗೊಬ್ಬರದ ಅಂಗಡಿ ಸಾಲ ಐತಿ, ಅಂವ ದೀಪಾವಳಿ ಮುಗೀಲಿ ಅಂತ ಸುಮ್ಮನಿದ್ದ."

ಗೊಬ್ಬರ ಎಂದರೆ ಈ ಜಿಲ್ಲೆಗೆ ಮರೆಯದ ಒಂದು ದಿನವಿದೆ. 2008ರ ಮೇ 30ಕ್ಕೆ ಬೆಂಗಳೂರಿನಲ್ಲಿ ಬಿಜೆಪಿಯ ಹೊಸ ಸರ್ಕಾರ ಪ್ರಮಾಣವಚನ ತಗೊಂಡಿತು, ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಇಬ್ಬರು ಸತ್ತರು. ರಾಜ್ಯ ಕೇಂದ್ರದತ್ತ ಬೆರಳು ತೋರಿಸಿತು, ಕೇಂದ್ರ ರಾಜ್ಯದತ್ತ. ಬಿತ್ತನೆಗೆ ಹದ ಬಂದ ಹೊಲ ಇಬ್ಬರನ್ನೂ ಕಾಯುವಂತಿರಲಿಲ್ಲ.

ಸಂಜೆ ನಾಲ್ಕಕ್ಕೆ ನೀವು ಬ್ಯಾಡಗಿಯಲ್ಲಿದ್ದೀರಿ. ಮೆಣಸಿನಕಾಯಿ ಬರುವ ಕಾಲ ಇನ್ನೂ ಮುಂದಿದೆ, ಜನವರಿಯಿಂದ ಮಾರ್ಚ್ ತನಕ ಈ ಮಾರುಕಟ್ಟೆಯ ಅಂಗಳ ಕೆಂಪಾಗಿರುತ್ತದೆ. ಈಗ ಖಾಲಿ ಅಂಗಳದಲ್ಲೂ ಘಾಟು ಮೂಗಿಗೆ ಬಡಿದು ಸೀನು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಎಣ್ಣೆಯಾಗಿ ಇಳಿಸಿ ಹೊರದೇಶಗಳಿಗೆ ಕಳಿಸುತ್ತಾರೆ, ಅಮೆರಿಕದವರ ತಿಂಡಿಗೂ ತುಟಿಯ ಬಣ್ಣಕ್ಕೂ ಅದು ಸೇರುತ್ತದೆ. ಇದೇ ವರ್ಷ ಮಾರ್ಚ್ 11ರಂದು ದರ ಕುಸಿದಾಗ ರೈತರು ಇಲ್ಲಿ ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದರು, ವಾಹನಗಳು ಸುಟ್ಟಿದ್ದವು.

ಒಂದು ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತ ಸಾವಕಾರರು ಟಿ.ವಿ.ಯತ್ತ ಕೈ ತೋರಿಸುತ್ತಾರೆ. ವಿಸ್ಕಾನ್ಸಿನ್ ಕೂಡ ಟ್ರಂಪ್‌ಗೆ, 270 ದಾಟಿತು. ಆ ರಾಜ್ಯದ ಜನಸಂಖ್ಯೆ 60 ಲಕ್ಷದ ಹತ್ತಿರ, ಅಂತರ 30 ಸಾವಿರ ಮತಕ್ಕಿಂತ ಕಡಿಮೆ.

"ಯಾರ ಬಂದರೂ ನಮಗ ವ್ಯಾಪಾರ ನಡೀತೈತ್ರಿ. ಸುಂಕ ಹಾಕಿದ್ರ ನಾವು ಮಾಲು ಕೋಲ್ಡ್ ಸ್ಟೋರೇಜಿನ್ಯಾಗ ಇಡ್ತೀವಿ. ಒಂದು ವರ್ಷ, ಬೇಕಂದ್ರ ಎರಡು ವರ್ಷ."

ಬೆಂಚಿನ ಮೇಲೆ ಬೆಳಗ್ಗೆ ನಡೆದ ಜಗಳದ ಗೆರೆ ಕಮಲಕ್ಕೂ ಕೈಗೂ ನಡುವೆ ಇತ್ತು. ಸಾವಕಾರರ ಮಾತು ಬೇರೆ ಗೆರೆ ಎಳೆಯುತ್ತದೆ. ಈ ಕಡೆ ಕಾಯಬಲ್ಲವರು, ಆ ಕಡೆ ಕಾಯಲಾರದವರು. ಪೆನ್ಸಿಲ್ವೇನಿಯಾದಲ್ಲೂ ಈ ಗೆರೆಯೇ ಕೆಲಸ ಮಾಡಿತು. 2022ರ ಜೂನ್‌ನಲ್ಲಿ ಅಮೆರಿಕದ ಬೆಲೆ ಏರಿಕೆ ಶೇ 9.1ಕ್ಕೆ ಹೋಗಿತ್ತು. ಆಮೇಲೆ ಅದು ಇಳಿಯಿತೆಂದು ಸರ್ಕಾರ ಅಂಕಿ ತೋರಿಸಿತು, ಆದರೆ ಏರಿದ ಬೆಲೆ ಏರಿದಲ್ಲೇ ನಿಂತಿತು. ಸಂಬಳದಿಂದ ಸಂಬಳಕ್ಕೆ ಬದುಕುವವರಲ್ಲಿ ಎಷ್ಟೋ ಮಂದಿ ಪ್ರಜಾಪ್ರಭುತ್ವದ ಮಾತನ್ನು ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟು ಮತ ಹಾಕಿದರು.

ನವೆಂಬರ್ 23ಕ್ಕೆ ಶಿಗ್ಗಾವಿಯ ಪೆಟ್ಟಿಗೆ ತೆರೆಯಿತು. ಪಠಾಣ 13,448 ಮತಗಳಿಂದ ಗೆದ್ದರು, ಬೊಮ್ಮಾಯಿಯವರ ಕೋಟೆ ಬಿತ್ತು. ಕದರಮಂಡಲಗಿಯ ಬೆಂಚಿನಲ್ಲಿ ಆ ತುದಿಯವನು ಈ ತುದಿಯವನಿಗೆ ಮಿರ್ಚಿ ಕೊಡಿಸಿದ. ಲೆಕ್ಕ ಸರಿಹೋಯಿತು, ಅಮೆರಿಕ ಒಬ್ಬನಿಗೆ, ಶಿಗ್ಗಾವಿ ಇನ್ನೊಬ್ಬನಿಗೆ.

ಈಗ ಒಂದು ವರ್ಷ ಮುಂದೆ ಬನ್ನಿ. 2025ರ ನವೆಂಬರ್ ಕೊನೆ, ಅದೇ ರಸ್ತೆ. ರಾಶಿ ಹೋದ ವರ್ಷಕ್ಕಿಂತ ದೊಡ್ಡದು. ಬೆಂಬಲ ಬೆಲೆ 2,400 ರೂಪಾಯಿಗೆ ಏರಿದೆ, ಪೇಟೆಯಲ್ಲಿ ಕೇಳುವುದು 1,600, ಹೆಚ್ಚೆಂದರೆ 1,800. ಹಾವೇರಿ ಜಿಲ್ಲೆಯಲ್ಲಿ ರೈತರು ಖರೀದಿ ಕೇಂದ್ರ ತೆರೆಯಿರಿ ಎಂದು ಬೀದಿಗಿಳಿದಿದ್ದಾರೆ. ಕೇಂದ್ರದ ಆಮದು ನೀತಿಯೂ ಎಥೆನಾಲ್ ಹಂಚಿಕೆಯೂ ಕಾರಣ ಎಂದು ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದಿದ್ದಾರೆ. ರಾಜ್ಯವೇ ಹೊತ್ತಿಗೆ ಸರಿಯಾಗಿ ಖರೀದಿಗೆ ಇಳಿಯಲಿಲ್ಲ ಎಂದು ಬಿಜೆಪಿ ಹೇಳುತ್ತಿದೆ. ಹದಿನೇಳು ವರ್ಷದ ಹಿಂದಿನ ಗೊಬ್ಬರದ ಜಗಳದಲ್ಲಿ ಪಕ್ಷಗಳು ಅದಲುಬದಲಾಗಿವೆ, ಬೆರಳು ತೋರಿಸುವ ದಿಕ್ಕು ಅದೇ.

ಹುಡುಗ ಈ ದೀಪಾವಳಿಗೂ ಬಂದು ಹೋಗಿದ್ದಾನೆ. ಮೋದಿಯ ದೋಸ್ತ ಎನಿಸಿಕೊಂಡಿದ್ದ ಟ್ರಂಪ್ ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕಿಗೆ ಶೇ 50 ಸುಂಕ ಹಾಕಿದರು, ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡದ್ದಕ್ಕೆ. ಸೆಪ್ಟೆಂಬರಿನಲ್ಲಿ ಅವರ ವಾಣಿಜ್ಯ ಮಂತ್ರಿ ಹಾವರ್ಡ್ ಲುಟ್ನಿಕ್, 140 ಕೋಟಿ ಜನರ ಭಾರತ ಅಮೆರಿಕದ ಒಂದು ಬುಶೆಲ್ ಗೋವಿನಜೋಳವನ್ನೂ ಏಕೆ ಕೊಳ್ಳುವುದಿಲ್ಲ ಎಂದು ಕೇಳಿದರು. ಒಂದು ಬುಶೆಲ್ ಎಂದರೆ ಸುಮಾರು ಇಪ್ಪತ್ತೈದು ಕಿಲೋ, ಈ ರಾಶಿಯಿಂದ ತುಂಬುವ ಒಂದು ಚೀಲದ ಅರ್ಧದಷ್ಟು.

ಕೊಳ್ಳದಿರಲು ಕಾರಣವಿದೆ. ಅಮೆರಿಕದ ಗೋವಿನಜೋಳದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಲಾಂತರಿ, ಅದಕ್ಕೆ ಭಾರತದಲ್ಲಿ ಒಪ್ಪಿಗೆ ಇಲ್ಲ. ಮೇಲಿಂದ ಶೇ 50 ಆಮದು ಸುಂಕ, ಐದು ಲಕ್ಷ ಟನ್ ತನಕ ಮಾತ್ರ ಶೇ 15. ಆ ಸುಂಕದ ಗೋಡೆಯ ಈಚೆ ಕದರಮಂಡಲಗಿಯ ರಾಶಿ ಇದೆ. ಗೋಡೆಯಿದ್ದೂ 1,600 ಸಿಕ್ಕ ವರ್ಷದಲ್ಲಿ, ಗೋಡೆ ಬಿದ್ದರೆ ಎಷ್ಟು ಎಂದು ಊರಿನವರು ಕೇಳಿಕೊಳ್ಳುತ್ತಿದ್ದಾರೆ.

ಗೋಡೆಯ ಆಚೆಗೂ ರೈತನಿದ್ದಾನೆ. ಸುಂಕದ ಜಗಳದಲ್ಲಿ ಚೀನಾ ತಿಂಗಳುಗಟ್ಟಲೆ ಸೋಯಾ ಕೊಳ್ಳದೆ ಅವನ ಕಣಜವೂ ತುಂಬಿತ್ತು. ಅವನು ಹೆಚ್ಚಾಗಿ ಟ್ರಂಪ್‌ಗೇ ಮತ ಹಾಕಿದವನು. ಆದರೆ ಟ್ರಂಪ್ ಅವರ ಮೊದಲ ಅವಧಿಯಲ್ಲಿ ಇಂಥದೇ ಜಗಳವಾದಾಗ ಅಲ್ಲಿನ ಸರ್ಕಾರ 2018 ಮತ್ತು 2019ರಲ್ಲಿ ಒಟ್ಟು 28 ಶತಕೋಟಿ ಡಾಲರ್ ಪರಿಹಾರ ಘೋಷಿಸಿತ್ತು. ಅವನಿಗೆ ಕಾಯಲು ದುಡ್ಡು ಕೊಡುವವರಿದ್ದಾರೆ. ಮತ ಹಾಕಿದವನ ನಷ್ಟವನ್ನು ಸರ್ಕಾರ ಅಷ್ಟಿಷ್ಟಾದರೂ ತುಂಬಿಕೊಡುತ್ತದೆ, ಮತವಿಲ್ಲದವನ ನಷ್ಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಬೆಂಚಿನ ಈ ತುದಿಯವನು ಈ ವರ್ಷವೂ ಕಮಲದವನೇ, ಆ ತುದಿಯವನು ಕೈಯವನೇ. ಇಬ್ಬರ ಕಾಳೂ ರಸ್ತೆಯ ಮೇಲಿದೆ. ಟ್ರಂಪ್ ಬಗ್ಗೆ ಈಗ ಏನನ್ನುತ್ತೀರಿ ಎಂದು ನೀವು ಕೇಳಿದರೆ ಕಮಲದವನು ಮುಖ ಸಿಂಡರಿಸಿ, "ಅಂವಂದು ನಾಕ ವರ್ಷ ಐತ್ರಿ," ಎನ್ನುತ್ತಾನೆ. ಕೈಯವನು ಇವತ್ತು ಅವನನ್ನು ಛೇಡಿಸುವುದಿಲ್ಲ.

"ನಮ್ಮದು ಎಂಟ ದಿನ ಐತಿ," ಎನ್ನುತ್ತಾನೆ. "ಅಷ್ಟರಾಗ ಯಾವ ಸರ್ಕಾರ ಬಂದು ತಗೋತೈತೋ ಅದು ನಮ್ಮ ಸರ್ಕಾರ."